‘ಡಿಸೈರಬಲ್’: ಬಯಸಬಹುದಾದದ್ದೋ, ಬಯಸತಕ್ಕದ್ದೋ? ಒಂದು ಇಂಗ್ಲಿಷ್ ಗುಣವಾಚಕದ ಅರ್ಥ ಮತ್ತು ಪ್ರಯೋಗ

ಸಾರಾಂಶ: ಇಂಗ್ಲಿಷಿನ ‘ಡಿಸೈರಬಲ್’ ಎಂಬ ಗುಣವಾಚಕವು ಮೇಲ್ನೋಟಕ್ಕೆ ಸರಳವಾಗಿ ಕಂಡರೂ ಶಕ್ಯತೆ, ಅರ್ಹತೆ ಮತ್ತು ವಿಧಿ ಎಂಬ ಮೂರು ಅರ್ಥವಲಯಗಳ ಸಂಧಿಯಲ್ಲಿ ನಿಂತಿರುವ ಪದ. ಪ್ರಸ್ತುತ ಲೇಖನದಲ್ಲಿ ಈ ಪದದ ರಚನೆ, ಅದರ ಸುತ್ತ ನಡೆದ ಒಂದು ಪ್ರಸಿದ್ಧ ತಾತ್ವಿಕ ವಿವಾದ, ಸಂಸ್ಕೃತದ ಕೃತ್ಯ ಪ್ರತ್ಯಯಗಳೊಡನೆ ಅದಕ್ಕಿರುವ ಅರ್ಥಸಾಮ್ಯ ಹಾಗೂ ಆಧುನಿಕ ಪ್ರಯೋಗಗಳನ್ನು ಪರಿಶೀಲಿಸಿದ್ದೇವೆ. ಈ ಪದವು ಬಯಸುವವರನ್ನು ಮರೆಮಾಡುತ್ತದೆ, ಕನ್ನಡದ ‘ಬೇಕು’ ಅವರನ್ನು ಹೊರಗೆಳೆಯುತ್ತದೆ. ಈ ವ್ಯತ್ಯಾಸವನ್ನು ಗಮನಿಸದ ಅನುವಾದವು ಐಚ್ಛಿಕವಾದುದನ್ನು ಕಡ್ಡಾಯವಾಗಿಸುವ ಅಪಾಯವಿದೆ ಎಂಬುದು ನಮ್ಮ ವಾದ.

ಕೀಲಿಪದಗಳು: ಗುಣವಾಚಕ, ಕೃತ್ಯ ಪ್ರತ್ಯಯ, ಶಕ್ಯತೆ, ಅರ್ಹತೆ, ವಿಧಿ, ಅಪೇಕ್ಷಣೀಯ, ಆಡಳಿತ ಕನ್ನಡ

1. ಪ್ರವೇಶ

ನೇಮಕಾತಿ ಪ್ರಕಟಣೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಎರಡು ಉಪಶೀರ್ಷಿಕೆಗಳು ಪರಿಚಿತವಾಗಿರುತ್ತವೆ. ಒಂದರ ಕೆಳಗೆ, ಇಲ್ಲದಿದ್ದರೆ ಅರ್ಜಿಯೇ ಸಲ್ಲದಂತಹ ಅರ್ಹತೆಗಳನ್ನು ಪಟ್ಟಿ ಮಾಡಿರುತ್ತಾರೆ. ಇನ್ನೊಂದರ ಕೆಳಗೆ, ಇದ್ದರೆ ಒಳಿತೆನಿಸುವ, ಆದರೆ ಇಲ್ಲದಿದ್ದರೂ ಅರ್ಜಿ ಸಲ್ಲಿಸಲು ಅಡ್ಡಿಯಾಗದ ಅರ್ಹತೆಗಳಿರುತ್ತವೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಎಸೆನ್ಷಿಯಲ್’, ಎರಡನೆಯದು ‘ಡಿಸೈರಬಲ್’. ಮೊದಲನೆಯದಕ್ಕೆ ಕನ್ನಡದಲ್ಲಿ ‘ಅಗತ್ಯ’, ‘ಅವಶ್ಯಕ’, ‘ಕಡ್ಡಾಯ’ ಎಂಬ ಪದಗಳು ಸುಲಭವಾಗಿ ಒದಗುತ್ತವೆ. ತೊಡಕಿರುವುದು ಎರಡನೆಯದರಲ್ಲಿ. ‘ಅಪೇಕ್ಷಣೀಯ’, ‘ಅಪೇಕ್ಷಿತ’, ‘ವಾಂಛನೀಯ’, ‘ಬೇಕಾದ’ ಎಂಬ ನಾಲ್ಕು ಪದಗಳೂ ಅನುವಾದಕರ ಮುಂದೆ ನಿಲ್ಲುತ್ತವೆ. ಇವು ಪರಸ್ಪರ ಪರ್ಯಾಯಗಳೆಂದು ನಿಘಂಟನ್ನು ಅವಸರದಲ್ಲಿ ತಿರುವಿದವರಿಗೆ ತೋರಬಹುದು. ಆದರೆ ‘ಕಂಪ್ಯೂಟರ್ ಜ್ಞಾನ ಅಪೇಕ್ಷಣೀಯ’ ಎಂಬ ವಾಕ್ಯವನ್ನೂ ‘ಬೇಕಾದ ಅರ್ಹತೆ: ಕಂಪ್ಯೂಟರ್ ಜ್ಞಾನ’ ಎಂಬ ಒಕ್ಕಣೆಯನ್ನೂ ಓದಿದ ಅಭ್ಯರ್ಥಿಯು ಒಂದೇ ನಿರ್ಧಾರಕ್ಕೆ ಬರುವುದಿಲ್ಲ. ಮೊದಲನೆಯದನ್ನು ಓದಿದವನು ಅರ್ಜಿ ಹಾಕುತ್ತಾನೆ, ಎರಡನೆಯದನ್ನು ಓದಿದವನು ಸುಮ್ಮನಾಗುತ್ತಾನೆ.

ಒಂದು ಗುಣವಾಚಕದ ಅನುವಾದದಿಂದ ಇಷ್ಟು ವ್ಯತ್ಯಾಸ ಏಕೆ ಉಂಟಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೂಲ ಪದದ ಒಳರಚನೆಯಿಂದಲೇ ಆರಂಭಿಸಬೇಕಾಗುತ್ತದೆ.

2. ಪದದ ಮೂಲ ಮತ್ತು ರಚನೆ

‘ಡಿಸೈರಬಲ್’ ಪದವು 14ನೆಯ ಶತಮಾನದಲ್ಲಿ ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಿತು. ಅದರ ಹಿಂದಿರುವುದು ಲ್ಯಾಟಿನ್ನಿನ ‘ದೆಸಿದೆರಾರೆ’ ಎಂಬ ಕ್ರಿಯಾಪದ. ಹಂಬಲಿಸು, ಇಲ್ಲದಿರುವುದರ ಕೊರತೆಯನ್ನು ಅನುಭವಿಸು ಎಂಬುದು ಅದರ ಅರ್ಥ. ‘ಸಿದುಸ್’, ಅಂದರೆ ನಕ್ಷತ್ರ, ಎಂಬ ಪದದೊಡನೆ ಇದನ್ನು ಜೋಡಿಸುವ ವ್ಯುತ್ಪತ್ತಿ ಪ್ರಚಲಿತವಾಗಿದೆಯಾದರೂ ಅದು ನಿರ್ವಿವಾದವಲ್ಲ. ನಮ್ಮ ಚರ್ಚೆಗೆ ಮುಖ್ಯವಾದದ್ದು ಧಾತುವಿಗಿಂತ ಪ್ರತ್ಯಯ.

‘-ಅಬಲ್’ ಪ್ರತ್ಯಯವು ಲ್ಯಾಟಿನ್ನಿನ ‘-ಆಬಿಲಿಸ್’ ಎಂಬುದರಿಂದ ಬಂದುದು. ಸಮರ್ಥ ಎಂಬರ್ಥದ ‘ಏಬಲ್’ ಎಂಬ ಸ್ವತಂತ್ರ ಇಂಗ್ಲಿಷ್ ಪದಕ್ಕೂ ಇದಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಆ ಪದವು ‘ಹಾಬಿಲಿಸ್’ ಎಂಬ ಬೇರೆಯೇ ಲ್ಯಾಟಿನ್ ಪದದಿಂದ ಬಂದಿದೆ. ಆದರೆ ರೂಪಸಾಮ್ಯದಿಂದಾಗಿ ಮಾತನಾಡುವವರ ಮನಸ್ಸಿನಲ್ಲಿ ಇವೆರಡೂ ಬೆರೆತುಹೋದವು. ಫ್ರೆಂಚ್ ಮೂಲದ ಕ್ರಿಯಾಪದಗಳಿಗಷ್ಟೇ ಅಲ್ಲದೆ ಅಚ್ಚ ಇಂಗ್ಲಿಷ್ ಕ್ರಿಯಾಪದಗಳಿಗೂ ಈ ಪ್ರತ್ಯಯ ಹತ್ತಿತು. ‘ಈಟಬಲ್’, ‘ವಾಷಬಲ್’, ‘ಬೇರಬಲ್’ ಮೊದಲಾದವು ಇದಕ್ಕೆ ನಿದರ್ಶನಗಳು.

ಹೀಗೆ ಹುಟ್ಟಿದ ಪದಗಳನ್ನು ಅರ್ಥದ ದೃಷ್ಟಿಯಿಂದ ನಾವು ಮೂರು ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯದು ಶಕ್ಯತೆಯ ಗುಂಪು. ‘ವಾಷಬಲ್’ ಎಂದರೆ ಒಗೆಯಲು ಆಗುವಂತಹುದು, ‘ಬ್ರೇಕಬಲ್’ ಎಂದರೆ ಒಡೆಯಬಹುದಾದದ್ದು. ಎರಡನೆಯದು ಅರ್ಹತೆಯ ಗುಂಪು. ‘ಅಡ್ಮಿರಬಲ್’ ಎಂದರೆ ಮೆಚ್ಚಲು ಸಾಧ್ಯವಾದದ್ದಲ್ಲ, ಮೆಚ್ಚತಕ್ಕದ್ದು. ‘ಡಿಟೆಸ್ಟಬಲ್’ ಎಂದರೆ ಹೇಸಲು ತಕ್ಕದ್ದು. ಮೂರನೆಯದು ವಿಧಿಯ ಗುಂಪು. ತಿಂಗಳ ಮೊದಲ ದಿನದಂದು ಬಾಡಿಗೆ ‘ಪೇಯಬಲ್’ ಎಂದು ಕರಾರುಪತ್ರದಲ್ಲಿ ಬರೆದಿದ್ದರೆ ಬಾಡಿಗೆದಾರನು ಕೊಡಲು ಶಕ್ತನೆಂದಾಗಲೀ, ಆ ಹಣವು ಕೊಡಲ್ಪಡಲು ಯೋಗ್ಯವೆಂದಾಗಲೀ ಅರ್ಥವಲ್ಲ. ಅಂದು ಕೊಡಲೇಬೇಕು ಎಂದರ್ಥ.

ಪ್ರತ್ಯಯ ಒಂದೇ, ಅರ್ಥ ಮೂರು. ಯಾವ ಪದ ಯಾವ ಗುಂಪಿಗೆ ಸೇರಿದೆ ಎಂಬುದನ್ನು ರೂಪ ಹೇಳುವುದಿಲ್ಲ, ರೂಢಿ ಹೇಳುತ್ತದೆ. ಹಾಗಾದರೆ ‘ಡಿಸೈರಬಲ್’ ಯಾವ ಗುಂಪಿನದು?

3. ಒಂದು ಪ್ರತ್ಯಯದ ಮೇಲೆ ನಿಂತ ವಾದ

ಈ ಪ್ರಶ್ನೆ ಕೇವಲ ವೈಯಾಕರಣರದ್ದಾಗಿ ಉಳಿಯಲಿಲ್ಲ. ಜಾನ್ ಸ್ಟುವರ್ಟ್ ಮಿಲ್ ತನ್ನ ‘ಯುಟಿಲಿಟೇರಿಯನಿಸಂ’ ಕೃತಿಯನ್ನು 1861ರಲ್ಲಿ ಪತ್ರಿಕೆಯೊಂದರಲ್ಲಿ ಲೇಖನಮಾಲೆಯಾಗಿ ಪ್ರಕಟಿಸಿದನು. 1863ರಲ್ಲಿ ಅದು ಪುಸ್ತಕರೂಪದಲ್ಲಿ ಬಂದಿತು. ಅದರ ನಾಲ್ಕನೆಯ ಅಧ್ಯಾಯದಲ್ಲಿ ಅವನು ಒಂದು ಹೋಲಿಕೆಯನ್ನು ಮುಂದಿಡುತ್ತಾನೆ. ಒಂದು ವಸ್ತು ‘ವಿಸಿಬಲ್’, ಅಂದರೆ ಗೋಚರ, ಎಂಬುದಕ್ಕೆ ಜನರು ಅದನ್ನು ನಿಜವಾಗಿ ಕಾಣುತ್ತಾರೆ ಎಂಬುದೇ ಪ್ರಮಾಣ. ಒಂದು ಧ್ವನಿ ‘ಆಡಿಬಲ್’, ಅಂದರೆ ಶ್ರವ್ಯ, ಎಂಬುದಕ್ಕೆ ಜನರು ಅದನ್ನು ಕೇಳುತ್ತಾರೆ ಎಂಬುದೇ ಪ್ರಮಾಣ. ಅಂತೆಯೇ ಒಂದು ಸಂಗತಿ ‘ಡಿಸೈರಬಲ್’ ಎಂಬುದಕ್ಕೆ ಜನರು ಅದನ್ನು ವಾಸ್ತವವಾಗಿ ಬಯಸುತ್ತಾರೆ ಎಂಬುದಲ್ಲದೆ ಬೇರೆ ಪ್ರಮಾಣವನ್ನು ಒದಗಿಸಲಾಗದು ಎಂಬುದು ಅವನ ವಾದದ ತಿರುಳು. ಸುಖವನ್ನು ಎಲ್ಲರೂ ಬಯಸುತ್ತಾರೆ, ಆದುದರಿಂದ ಸುಖವು ಬಯಸತಕ್ಕ ಧ್ಯೇಯ ಎಂದು ಸ್ಥಾಪಿಸುವುದು ಅವನ ಉದ್ದೇಶವಾಗಿತ್ತು.

1903ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ ಎಥಿಕಾ’ ಕೃತಿಯಲ್ಲಿ ಜಿ. ಇ. ಮೂರ್ ಈ ಹೋಲಿಕೆಯ ಬುಡಕ್ಕೇ ಪೆಟ್ಟು ಕೊಟ್ಟನು. ‘ವಿಸಿಬಲ್’ ಎಂದರೆ ಕಾಣಲು ಸಾಧ್ಯವಾದದ್ದು. ಆದರೆ ‘ಡಿಸೈರಬಲ್’ ಎಂದರೆ ಬಯಸಲು ಸಾಧ್ಯವಾದದ್ದಲ್ಲ, ಬಯಸಬೇಕಾದದ್ದು ಅಥವಾ ಬಯಸಲು ಯೋಗ್ಯವಾದದ್ದು. ‘ಡಿಟೆಸ್ಟಬಲ್’ ಎಂಬುದು ಹೇಸಲು ಸಾಧ್ಯವಾದದ್ದಲ್ಲ, ಹೇಸತಕ್ಕದ್ದು ಎಂದಾಗುವಂತೆಯೇ ಇದು ಎಂದು ಅವನು ವಾದಿಸಿದನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಅರ್ಹತೆಯ ಗುಂಪಿಗೆ ಸೇರಿದ ಪದವನ್ನು ಮಿಲ್ ಶಕ್ಯತೆಯ ಗುಂಪಿನ ಪದಗಳ ಸಾಲಿನಲ್ಲಿ ನಿಲ್ಲಿಸಿದ್ದಾನೆ ಎಂಬುದು ಮೂರ್‌ನ ಆಕ್ಷೇಪ.

ಮಿಲ್ ಪದಾರ್ಥದಿಂದ ನೇರವಾಗಿ ಸಿದ್ಧಾಂತವನ್ನು ಹಿಂಡುತ್ತಿರಲಿಲ್ಲ, ಜನರ ಬಯಕೆಯನ್ನು ಒಂದು ಸಾಕ್ಷ್ಯವಾಗಿ ಮಾತ್ರ ಮುಂದಿಟ್ಟನು ಎಂದು ಅವನನ್ನು ಸಮರ್ಥಿಸಿದವರೂ ಇದ್ದಾರೆ. ಆ ತಾತ್ವಿಕ ವ್ಯಾಜ್ಯದ ತೀರ್ಪು ನಮ್ಮ ಕಾರ್ಯವಲ್ಲ. ಆದರೆ ಭಾಷಾವಿಜ್ಞಾನದ ದೃಷ್ಟಿಯಿಂದ ಒಂದು ಅಂಶ ಸ್ಪಷ್ಟ. ಜನರು ಬಯಸಿದ ಎಲ್ಲವೂ ‘ಡಿಸೈರ್ಡ್’. ಅವುಗಳಲ್ಲಿ ಬಯಸತಕ್ಕವು ಮಾತ್ರ ‘ಡಿಸೈರಬಲ್’. ಮದ್ಯವ್ಯಸನಿಯು ಮುಂದಿನ ಬಟ್ಟಲನ್ನು ಬಯಸುತ್ತಾನೆ. ಅದು ಅವನಿಗೆ ‘ಡಿಸೈರಬಲ್’ ಎಂದು ಇಂಗ್ಲಿಷ್ ಬಲ್ಲ ವೈದ್ಯನು ಹೇಳಲಾರ.

ಇದೇ ಧಾತುವಿನ ‘ಡಿಸೈರಸ್’ ಎಂಬ ಮತ್ತೊಂದು ರೂಪವನ್ನೂ ಇಲ್ಲಿ ನೆನೆಯಬೇಕು. ಅದು ಬಯಸುವ ವ್ಯಕ್ತಿಯನ್ನು ವರ್ಣಿಸುತ್ತದೆಯೇ ಹೊರತು ಬಯಕೆಯ ವಿಷಯವನ್ನಲ್ಲ. ಬಯಸುವವನು ‘ಡಿಸೈರಸ್’, ಬಯಸಿದ್ದು ‘ಡಿಸೈರ್ಡ್’, ಬಯಸತಕ್ಕದ್ದು ‘ಡಿಸೈರಬಲ್’. ಅನ್ಯಭಾಷಿಕ ಕಲಿಕೆದಾರರು ಈ ಮೂರನ್ನು ಒಂದರ ಬದಲಿಗೆ ಇನ್ನೊಂದನ್ನಾಗಿ ಬಳಸುವುದುಂಟು.

4. ಕೃತ್ಯ ಪ್ರತ್ಯಯಗಳ ಬೆಳಕಿನಲ್ಲಿ

ಒಂದೇ ಪ್ರತ್ಯಯವರ್ಗವು ಶಕ್ಯತೆ, ಅರ್ಹತೆ, ವಿಧಿಗಳನ್ನು ಹೊತ್ತಿರುವುದು ಇಂಗ್ಲಿಷಿನ ವೈಚಿತ್ರ್ಯವೇನಲ್ಲ. ಸಂಸ್ಕೃತದ ತವ್ಯ, ಅನೀಯ, ಯ ಮೊದಲಾದ ಪ್ರತ್ಯಯಗಳನ್ನು ಪಾಣಿನಿಯು ‘ಕೃತ್ಯ’ ಎಂಬ ಸಂಜ್ಞೆಯಡಿ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೊದಲ ಪಾದದಲ್ಲಿ ವಿಧಿಸಿದ್ದಾನೆ. ಅದೇ ಅಧ್ಯಾಯದ ಮೂರನೆಯ ಪಾದದ ಕೊನೆಯ ಭಾಗದಲ್ಲಿ, ಇವು ಯಾವ ಯಾವ ಅರ್ಥಗಳಲ್ಲಿ ಬರುತ್ತವೆ ಎಂಬುದನ್ನು ಬೇರೆ ಬೇರೆ ಸೂತ್ರಗಳಿಂದ ಹೇಳುತ್ತಾನೆ. ಯೋಗ್ಯತೆ ಒಂದು, ಅವಶ್ಯಕತೆ ಇನ್ನೊಂದು, ಸಾಮರ್ಥ್ಯ ಮತ್ತೊಂದು. ಇಂಗ್ಲಿಷಿನ ಪ್ರತ್ಯಯದಲ್ಲಿ ನಾವು ಗುರುತಿಸಿದ ಮೂರೂ ಅರ್ಥಗಳು ಇಲ್ಲಿ ಹೆಸರು ಪಡೆದೇ ನಿಂತಿವೆ.

ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ತತ್ಸಮಗಳೇ ಇದಕ್ಕೆ ಸಾಕ್ಷಿ. ‘ಸಾಧ್ಯ’ ಎಂಬುದರಲ್ಲಿ ಶಕ್ಯತೆ ಗೆದ್ದಿದೆ. ‘ದರ್ಶನೀಯ’, ‘ಪೂಜನೀಯ’, ‘ಸ್ಮರಣೀಯ’ ಎಂಬಲ್ಲಿ ಅರ್ಹತೆ ಗೆದ್ದಿದೆ. ‘ಕರ್ತವ್ಯ’ ಎಂಬಲ್ಲಿ ವಿಧಿಯು ಎಷ್ಟು ಸಂಪೂರ್ಣವಾಗಿ ಗೆದ್ದಿದೆಯೆಂದರೆ ಅದು ಗುಣವಾಚಕವಾಗಿ ಉಳಿಯದೆ ನಾಮಪದವೇ ಆಗಿಬಿಟ್ಟಿದೆ. ‘ದೃಶ್ಯ’ ಮತ್ತು ‘ದರ್ಶನೀಯ’ ಎರಡೂ ಒಂದೇ ಧಾತುವಿನ ಕೃತ್ಯರೂಪಗಳು. ಆದರೆ ಕಣ್ಣಿಗೆ ಬೀಳುವ ಎಲ್ಲವೂ ದೃಶ್ಯ, ಕಣ್ಣು ಹಾಯಿಸಲು ಯೋಗ್ಯವಾದದ್ದು ಮಾತ್ರ ದರ್ಶನೀಯ. ಮಿಲ್ ಮತ್ತು ಮೂರ್ ಅವರ ನಡುವಣ ಭೇದವನ್ನು ಈ ಜೋಡಿ ಎರಡೇ ಪದಗಳಲ್ಲಿ ಹಿಡಿದಿಡುತ್ತದೆ.

ದೇಶೀ ಕನ್ನಡದಲ್ಲಿ ಈ ಮೂರು ಅರ್ಥಗಳು ಒಂದೇ ಪ್ರತ್ಯಯದಲ್ಲಿ ಅಡಗದೆ ಬೇರೆ ಬೇರೆ ರೂಪಗಳಲ್ಲಿ ಕಾಣಿಸುತ್ತವೆ. ‘ಬಯಸಬಹುದಾದ’ ಎಂಬುದು ಶಕ್ಯತೆ ಅಥವಾ ಅನುಮತಿ, ‘ಬಯಸತಕ್ಕ’ ಎಂಬುದು ಅರ್ಹತೆ, ‘ಬಯಸಬೇಕಾದ’ ಎಂಬುದು ವಿಧಿ. ಆದುದರಿಂದ ಕನ್ನಡಕ್ಕೆ ಅನುವಾದಿಸುವವರು ಇಂಗ್ಲಿಷಿನವರಂತೆ ಅಸ್ಪಷ್ಟತೆಯ ನೆರಳಿನಲ್ಲಿ ನಿಲ್ಲಲು ಅವಕಾಶವಿಲ್ಲ, ಒಂದನ್ನು ಆರಿಸಲೇಬೇಕು. ಇಲ್ಲಿಯೂ ಒಂದು ಎಚ್ಚರ ಅಗತ್ಯ. ‘ತಕ್ಕ’ ಎಂಬುದು ವಿಶೇಷಣವಾಗಿ ಅರ್ಹತೆಯನ್ನು ಸೂಚಿಸಿದರೂ, ವಾಕ್ಯಾಂತ್ಯದಲ್ಲಿ ‘ತಕ್ಕದ್ದು’ ಎಂದಾದಾಗ ಶಾಸನದ ಭಾಷೆಯಲ್ಲಿ ಕಟ್ಟಳೆಯಾಗುತ್ತದೆ. ‘ಮೆಚ್ಚತಕ್ಕ ಕೆಲಸ’ ಎಂಬುದು ಪ್ರಶಂಸೆ, ‘ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು’ ಎಂಬುದು ಆಜ್ಞೆ.

5. ಪ್ರಯೋಗದ ನಾಲ್ಕು ನೆಲೆಗಳು

ಇಂದಿನ ಇಂಗ್ಲಿಷಿನಲ್ಲಿ ‘ಡಿಸೈರಬಲ್’ ಪದವು ಕನಿಷ್ಠ ನಾಲ್ಕು ನೆಲೆಗಳಲ್ಲಿ ಬಳಕೆಯಾಗುತ್ತದೆ.

ಮೊದಲನೆಯದು ಶ್ರೇಣೀಕರಣದ ನೆಲೆ. ಇಲ್ಲಿ ಪದದ ಅರ್ಥವನ್ನು ಅದರ ನೆರೆಯ ಪದವೇ ನಿರ್ಣಯಿಸುತ್ತದೆ. ‘ಎಸೆನ್ಷಿಯಲ್’ ಎಂಬುದು ಪಕ್ಕದಲ್ಲಿರುವುದರಿಂದಲೇ ‘ಡಿಸೈರಬಲ್’ ಎಂದರೆ ‘ಒಳ್ಳೆಯದು, ಆದರೆ ಕಡ್ಡಾಯವಲ್ಲ’ ಎಂದಾಗುತ್ತದೆ. ಆದರೆ ‘ಕಡ್ಡಾಯವಲ್ಲ’ ಎಂಬುದನ್ನು ‘ಲೆಕ್ಕಕ್ಕಿಲ್ಲ’ ಎಂದು ತಿಳಿಯುವುದೂ ತಪ್ಪು. ಕೇಂದ್ರ ಲೋಕಸೇವಾ ಆಯೋಗದ ನೇಮಕಾತಿ ಪ್ರಕಟಣೆಗಳಲ್ಲಿ, ಅರ್ಜಿದಾರರ ಸಂಖ್ಯೆ ಹೆಚ್ಚಿದ್ದಾಗ ಸಂದರ್ಶನಕ್ಕೆ ಕರೆಯಬೇಕಾದವರನ್ನು ಸೋಸಲು ಅಪೇಕ್ಷಣೀಯ ಅರ್ಹತೆಯನ್ನು ಮಾನದಂಡವಾಗಿ ಬಳಸಬಹುದೆಂಬ ಸೂಚನೆ ಇರುತ್ತದೆ. ಅಂದರೆ ಅರ್ಜಿಯ ಹಂತದಲ್ಲಿ ಐಚ್ಛಿಕವಾಗಿದ್ದುದು ಆಯ್ಕೆಯ ಹಂತದಲ್ಲಿ ನಿರ್ಣಾಯಕವಾಗಬಹುದು.

ಎರಡನೆಯದು ಸಲಹೆಯ ನೆಲೆ. ಇಂತಹದು ನಡೆಯುವುದು ‘ಡಿಸೈರಬಲ್’ ಎಂಬ ಮಾದರಿಯ ವಾಕ್ಯಗಳಲ್ಲಿ ಈ ಪದವು ಒಂದು ಇಡೀ ಉಪವಾಕ್ಯವನ್ನು ವಿಶೇಷಿಸುತ್ತದೆ. ಆ ಉಪವಾಕ್ಯದ ಕ್ರಿಯಾಪದವನ್ನು ಅಮೆರಿಕನ್ ಇಂಗ್ಲಿಷು ಸಾಮಾನ್ಯವಾಗಿ ಧಾತುರೂಪದಲ್ಲಿಯೇ ಇಡುತ್ತದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಶುಡ್’ ಎಂಬ ಸಹಾಯಕ ಕ್ರಿಯಾಪದವನ್ನು ಸೇರಿಸುವ ರೂಢಿ ಹೆಚ್ಚು. ಕನ್ನಡದಲ್ಲಿ ಇದಕ್ಕೆ ‘ಒಳಿತು’, ‘ಉಚಿತ’, ‘ಶ್ರೇಯಸ್ಕರ’ ಎಂಬ ಪದಗಳು ಸಹಜವಾಗಿ ಹೊಂದುತ್ತವೆ.

ಮೂರನೆಯದು ಮಾರುಕಟ್ಟೆಯ ನೆಲೆ. ಮನೆ, ಬಡಾವಣೆಗಳ ಜಾಹೀರಾತುಗಳಲ್ಲಿ ಕಾಣುವ ‘ಡಿಸೈರಬಲ್’ ಪದದಲ್ಲಿ ನೀತಿಯ ಸೋಂಕಿಲ್ಲ. ಹಲವರು ಬಯಸುತ್ತಾರೆ, ಆದುದರಿಂದ ಬೆಲೆಯೂ ಹೆಚ್ಚು ಎಂಬುದಷ್ಟೇ ಅದರ ಇಂಗಿತ. ಈ ನೆಲೆಯಲ್ಲಿ ಮಾತ್ರ ಮಿಲ್‌ನ ಹೋಲಿಕೆ ಬಹುಮಟ್ಟಿಗೆ ಸಲ್ಲುತ್ತದೆ ಎನ್ನಬಹುದು. ಕನ್ನಡದ ‘ಬೇಡಿಕೆಯುಳ್ಳ’ ಎಂಬುದು ಇದಕ್ಕೆ ಸಮೀಪ.

ನಾಲ್ಕನೆಯದು ವ್ಯಕ್ತಿವಿಷಯಕ ನೆಲೆ. ಸ್ತ್ರೀ ಅಥವಾ ಪುರುಷನನ್ನು ವರ್ಣಿಸುವಾಗ ಈ ಪದವು ಕಾಮನೆಯನ್ನು ಕೆರಳಿಸುವ ಆಕರ್ಷಣೆಯನ್ನು ಸೂಚಿಸುತ್ತದೆ. ಇಲ್ಲಿ ‘ಅಪೇಕ್ಷಣೀಯ’ ಎಂದು ಅನುವಾದಿಸಿದರೆ ಅಭಾಸವಾಗುತ್ತದೆ. ‘ಮೋಹಕ’, ‘ಆಕರ್ಷಕ’ ಎಂಬುವೇ ಸಮುಚಿತ.

6. ಬಯಸುವವರು ಯಾರು?

ಈ ನಾಲ್ಕೂ ನೆಲೆಗಳಿಗೆ ಸಮಾನವಾದ ಒಂದು ಲಕ್ಷಣವಿದೆ. ‘ಡಿಸೈರ್ಡ್’ ಎಂದಾಗ ಯಾರಿಂದ ಎಂಬುದನ್ನು ಅದೇ ವಾಕ್ಯದಲ್ಲಿ ಹೇಳುವುದು ಸುಲಭ. ‘ಡಿಸೈರಬಲ್’ ಎಂದಾಗ ಕರ್ತೃವು ಸಾಮಾನ್ಯವಾಗಿ ಕಾಣೆಯಾಗುತ್ತಾನೆ. ಯಾರದೋ ಬಯಕೆಯು ವಸ್ತುವಿನದೇ ಗುಣವೆಂಬಂತೆ ತೋರತೊಡಗುತ್ತದೆ.

ಮನೋವಿಜ್ಞಾನಿಗಳು ಈ ಕಾಣೆಯಾದ ಕರ್ತೃವನ್ನು ಅಳೆಯಲು ಯತ್ನಿಸಿದ್ದಾರೆ. ಪ್ರಶ್ನಾವಳಿಗಳಿಗೆ ಉತ್ತರಿಸುವವರು ತಮ್ಮ ನಿಜಸ್ಥಿತಿಯ ಬದಲು ಸಮಾಜ ಮೆಚ್ಚುವ ಉತ್ತರವನ್ನು ಕೊಡುವ ಒಲವಿಗೆ ಇಂಗ್ಲಿಷಿನಲ್ಲಿ ‘ಸೋಷಿಯಲ್ ಡಿಸೈರಬಿಲಿಟಿ’ ಎಂಬ ಹೆಸರಿದೆ. 1960ರಲ್ಲಿ ಕ್ರೌನ್ ಮತ್ತು ಮಾರ್ಲೋ ರೂಪಿಸಿದ 33 ಹೇಳಿಕೆಗಳ ಮಾಪನವು ಇದನ್ನು ಗುರುತಿಸಲೆಂದೇ ಇರುವುದು. ಇಲ್ಲಿ ಬಯಸುವುದು ಸಮಾಜ, ಆ ಬಯಕೆಗೆ ತಕ್ಕಂತೆ ತನ್ನನ್ನು ತಿದ್ದಿ ತೋರಿಸಿಕೊಳ್ಳುವವನು ಉತ್ತರಿಸುವವನು.

ನಿಷೇಧರೂಪದಲ್ಲಿ ಈ ಮರೆಮಾಚುವಿಕೆ ಇನ್ನೂ ಗಂಭೀರವಾಗುತ್ತದೆ. ಬ್ರಿಟನ್ನಿನ 1905ರ ವಿದೇಶಿಯರ ಕಾಯಿದೆಯು ‘ಅನ್‌ಡಿಸೈರಬಲ್’ ವಲಸಿಗ ಎಂದರೆ ಯಾರು ಎಂಬುದನ್ನು ವ್ಯಾಖ್ಯಾನಿಸಿತು. ತನ್ನನ್ನೂ ತನ್ನ ಅವಲಂಬಿತರನ್ನೂ ಪೋಷಿಸುವ ಆದಾಯಮಾರ್ಗವನ್ನು ತೋರಿಸಲಾಗದವನು, ರೋಗ ಅಥವಾ ದೌರ್ಬಲ್ಯದಿಂದ ಸಾರ್ವಜನಿಕ ನಿಧಿಗೆ ಹೊರೆಯಾಗುವ ಸಂಭವವುಳ್ಳವನು ಮೊದಲಾದವರು ಆ ಪಟ್ಟಿಯಲ್ಲಿದ್ದರು. ಧಾರ್ಮಿಕ ಅಥವಾ ರಾಜಕೀಯ ಹಿಂಸೆಯಿಂದ ಪಾರಾಗಲು ಬಂದವರನ್ನು ಬಡತನವೊಂದೇ ಕಾರಣಕ್ಕೆ ತಡೆಯಬಾರದೆಂಬ ವಿನಾಯಿತಿಯೂ ಅದರಲ್ಲಿತ್ತು. ಪೂರ್ವ ಯೂರೋಪಿನಿಂದ ಬರುತ್ತಿದ್ದ ಯಹೂದ್ಯರ ವಲಸೆಯ ವಿರುದ್ಧ ಎದ್ದ ಚಳವಳಿಯು ಈ ಕಾಯಿದೆಯ ಹಿನ್ನೆಲೆಯಾಗಿತ್ತು. ‘ಇವರು ನಮಗೆ ಬೇಡ’ ಎಂಬ ಮಾತಿನಲ್ಲಿ ಹೇಳುವವರು ಯಾರೆಂಬುದು ತಿಳಿಯುತ್ತದೆ, ಆದುದರಿಂದ ಅವರನ್ನು ಪ್ರಶ್ನಿಸಬಹುದು. ‘ಇವರು ಅನ್‌ಡಿಸೈರಬಲ್’ ಎಂದಾಗ ಬೇಡವೆಂದವರು ಮರೆಯಾಗುತ್ತಾರೆ, ದೋಷವು ಬಂದವರ ಮೈಗೇ ಅಂಟುತ್ತದೆ.

7. ಕನ್ನಡದ ಪರ್ಯಾಯಗಳು

ಈ ಹಿನ್ನೆಲೆಯಲ್ಲಿ ಕನ್ನಡ ಪದಗಳನ್ನು ತೂಗಿ ನೋಡೋಣ.

‘ಬೇಕು’ ಎಂಬುದು ಬಯಕೆಯನ್ನೂ ಅಗತ್ಯವನ್ನೂ ವಿಧಿಯನ್ನೂ ಒಟ್ಟಿಗೆ ಹೊತ್ತ ಪದ. ಹಳಗನ್ನಡದ ‘ವೇೞ್ಕುಂ’ ಎಂಬುದರ ಕಾಲದಿಂದಲೂ ಅದು ಹೀಗೆಯೇ ನಡೆದುಬಂದಿದೆ. ‘ನನಗೆ ನೀರು ಬೇಕು’ ಎಂಬಲ್ಲಿ ಬಯಕೆ ಮತ್ತು ಅಗತ್ಯ, ‘ನಾನು ಹೋಗಬೇಕು’ ಎಂಬಲ್ಲಿ ಕರ್ತವ್ಯ. ನಾಮಪದದೊಡನೆ ಬಂದಾಗ ಅದು ಚತುರ್ಥಿ ವಿಭಕ್ತಿಯನ್ನು ನಿರೀಕ್ಷಿಸುವುದರಿಂದ ‘ಯಾರಿಗೆ?’ ಎಂಬ ಪ್ರಶ್ನೆಯನ್ನು ತಾನಾಗಿಯೇ ಎತ್ತುತ್ತದೆ. ಇದು ಅದರ ದೊಡ್ಡ ಗುಣ. ಆದರೆ ಅದರ ವಿಶೇಷಣರೂಪವಾದ ‘ಬೇಕಾದ’ ಎಂಬುದು ಸಂದರ್ಭಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ‘ಬೇಕಾದವರು’ ಎಂದರೆ ಆಪ್ತರು, ‘ಬೇಕಾದಷ್ಟು’ ಎಂದರೆ ಯಥೇಚ್ಛ, ‘ಬೇಕಾದ ದಾಖಲೆಗಳು’ ಎಂದರೆ ಕಡ್ಡಾಯವಾಗಿ ತರತಕ್ಕವು. ಕಚೇರಿಯ ಪ್ರಕಟಣೆಯಲ್ಲಿ ಈ ಕೊನೆಯ ಅರ್ಥವೇ ಮುಂದೆ ಬರುವುದರಿಂದ ‘ಡಿಸೈರಬಲ್’ಗೆ ‘ಬೇಕಾದ’ ಎಂಬುದು ಸಲ್ಲದು.

‘ಅಪೇಕ್ಷಿತ’ ಎಂಬುದು ಭೂತಕೃದಂತ. ಅಪೇಕ್ಷಿಸಲ್ಪಟ್ಟದ್ದು, ನಿರೀಕ್ಷಿಸಲ್ಪಟ್ಟದ್ದು ಎಂದು ಅದರ ಅರ್ಥ. ಅದು ‘ಡಿಸೈರ್ಡ್’ ಅಥವಾ ‘ಎಕ್ಸ್‌ಪೆಕ್ಟೆಡ್’ ಎಂಬುದಕ್ಕೆ ಸರಿಯಾದೀತು. ನಿರೀಕ್ಷಿತವಾದುದನ್ನು ಓದುಗನು ಕಡ್ಡಾಯವೆಂದೇ ಗ್ರಹಿಸುವ ಸಂಭವ ಹೆಚ್ಚು. ‘ಅಪೇಕ್ಷಣೀಯ’ ಎಂಬುದಾದರೋ ಕೃತ್ಯಾಂತ, ಅರ್ಹತೆಯನ್ನು ಹೇಳುವ ರೂಪ. ಒಂದು ಪ್ರತ್ಯಯದ ಅಂತರ ಅಲ್ಪವೆಂದು ತೋರಿದರೂ ಮಿಲ್ ಮತ್ತು ಮೂರ್ ಅವರನ್ನು ಬೇರ್ಪಡಿಸಿದ್ದೂ ಅಷ್ಟೇ ಅಂತರ.

‘ವಾಂಛನೀಯ’ ಎಂಬುದು ರಚನೆಯಲ್ಲಿ ನಿರ್ದುಷ್ಟ, ಹಿಂದಿಯ ಆಡಳಿತ ಭಾಷೆಯಲ್ಲಿ ಪ್ರತಿಷ್ಠಿತ. ಆದರೆ ಕನ್ನಡದಲ್ಲಿ ‘ವಾಂಛೆ’ ಎಂಬುದಕ್ಕೆ ಧನವಾಂಛೆ, ಭೋಗವಾಂಛೆಗಳ ಲಾಲಸೆಯ ವಾಸನೆ ಅಂಟಿದೆ. ‘ಸ್ಪೃಹಣೀಯ’ ಎಂಬುದು ಅಸೂಯೆಪಡುವಂತಹ ಎಂಬರ್ಥದತ್ತ ವಾಲುತ್ತದೆ. ‘ಆದ್ಯತೆ’ ಎಂಬುದು ಒಂದನ್ನು ಇನ್ನೊಂದರೊಡನೆ ಹೋಲಿಸುವ ಪದವಾದ್ದರಿಂದ ‘ಪ್ರಿಫರಬಲ್’ ಎಂಬುದಕ್ಕೆ ಹತ್ತಿರವೇ ಹೊರತು ‘ಡಿಸೈರಬಲ್’ಗಲ್ಲ.

ನಿಷೇಧರೂಪಗಳಲ್ಲಿ ಇನ್ನಷ್ಟು ಜಾಗರೂಕತೆ ಬೇಕು. ‘ಇಷ್ಟ’ ಎಂಬುದು ಮೃದುವಾದ ಪದ, ಆದರೆ ‘ಅನಿಷ್ಟ’ ಎಂಬುದು ‘ಅನಿಷ್ಟ ಪದ್ಧತಿ’ ಎಂಬಲ್ಲಿರುವಂತೆ ಕೇಡನ್ನೇ ಹೇಳುತ್ತದೆ. ‘ಅನಪೇಕ್ಷಿತ’ ಎಂಬುದು ಕೋರದೆ ಬಂದದ್ದು, ನಿರೀಕ್ಷಿಸದ್ದು ಎಂಬ ಅರ್ಥಗಳಲ್ಲಿ ರೂಢವಾಗಿದೆ. ಔಷಧಿಯ ಪರಿಣಾಮಗಳ ವಿಷಯದಲ್ಲಿ ಅದು ಒಪ್ಪುತ್ತದೆ. ಮನುಷ್ಯರ ವಿಷಯದಲ್ಲಿ ಈ ಪದಗಳಾವುವನ್ನೂ ನೇರ ವಿಶೇಷಣವಾಗಿ ಬಳಸದೆ, ‘ಕಾಯಿದೆಯು ಬೇಡವೆಂದು ವರ್ಗೀಕರಿಸಿದ’ ಎಂದು ಕರ್ತೃವನ್ನು ಹೆಸರಿಸಿಯೇ ಅನುವಾದಿಸುವುದು ನ್ಯಾಯ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ನಾವು ತಲುಪುವ ನಿಲುವು ಇದು: ‘ಡಿಸೈರಬಲ್’ಗೆ ಕನ್ನಡದಲ್ಲಿ ಒಂದೇ ಸಮಾನಪದವನ್ನು ಗೊತ್ತುಮಾಡುವುದು ಸಾಧುವಲ್ಲ. ಸಲಹೆಯಲ್ಲಿ ‘ಒಳಿತು’ ಅಥವಾ ‘ಉಚಿತ’, ಮಾರುಕಟ್ಟೆಯಲ್ಲಿ ‘ಬೇಡಿಕೆಯುಳ್ಳ’, ವ್ಯಕ್ತಿವರ್ಣನೆಯಲ್ಲಿ ‘ಆಕರ್ಷಕ’ ಎಂಬುವು ನಿಲ್ಲುತ್ತವೆ. ನೇಮಕಾತಿಯ ಪ್ರಕಟಣೆಯಲ್ಲಿ ‘ಅಪೇಕ್ಷಣೀಯ’ ಎಂಬುದನ್ನೇ ಬಳಸಿ, ಅದರ ಮುಂದೆ ‘ಕಡ್ಡಾಯವಲ್ಲ’ ಎಂಬ ಒಂದು ಪದವನ್ನು ಸೇರಿಸುವುದು ಕ್ಷೇಮಕರ. ಆಯ್ಕೆಯ ಹಂತದಲ್ಲಿ ಅದನ್ನು ಪರಿಗಣಿಸುವುದಾದರೆ ಅದನ್ನೂ ಅಲ್ಲಿಯೇ ತಿಳಿಸುವುದು ಯುಕ್ತ. ಇಂಗ್ಲಿಷಿನಲ್ಲಿ ಪಕ್ಕದ ಪದವು ಮಾಡುವ ಕೆಲಸವನ್ನು ಕನ್ನಡದಲ್ಲಿ ಈ ಪುಟ್ಟ ವಿವರಣೆ ಮಾಡಬಲ್ಲುದು. ಹಳ್ಳಿಯ ಗ್ರಂಥಾಲಯದಲ್ಲಿ ಕುಳಿತು ಪ್ರಕಟಣೆಯನ್ನು ಓದುವ ಅಭ್ಯರ್ಥಿಯ ಬಳಿ ಇಂಗ್ಲಿಷ್ ಪ್ರತಿ ಇರದಿರಬಹುದು. ತಾನು ಅರ್ಹನೋ ಅಲ್ಲವೋ ಎಂಬುದನ್ನು ಆತ ಕನ್ನಡ ವಾಕ್ಯದಿಂದಲೇ ನಿಶ್ಚಯಿಸಿಕೊಳ್ಳಬೇಕಾಗಿದೆ.